ರಾಜಾಪಾರ್ಟಿನ ಗಂಟಲು

ನಮ್ಮ ಮೇಷ್ಟ್ರಿಗೆ ನಾಚಿಕೆ ಅನ್ನುವುದೇ ಇರಲಿಲ್ಲ. ಅವರು ಪಡಬೇಕಾಗಿದ್ದ ನಾಚಿಕೆಯನ್ನೂ ಸೇರಿಸಿ ನಾನೇ ಪಟ್ಟೆ. ಜೊತೆಯಲ್ಲಿ ನಡೆಯುತ್ತಿದ್ದವನಿಗೆ ಬೇರೆ ದಾರಿಯಾದರೂ ಏನಿತ್ತು ಹೇಳಿ?

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಹಳ್ಳಿಯವರಿಗೆ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ರಾಗಿ ಒಕ್ಕಣೆ ಮುಗಿಯಿತು ಅಂದರೆ ಸಾಕು, ಊರೂರಲ್ಲಿ ನಾಟಕದ ಮಾತು ಏಳುತ್ತಿತ್ತು. ಊರಿನವರೇ ಬಣ್ಣ ಹಚ್ಚುವವರು, ಊರಿನವರೇ ನೋಡುವವರು. ಹೊರಗಿನಿಂದ ಬರುತ್ತಿದ್ದವರು ಪರದೆ ಕಟ್ಟುವ ಸೀನರಿಯವರು ಮತ್ತು ಮೇಷ್ಟ್ರು. ಸೀನರಿಯವರು ಒಂದು ದಿನ ಬಂದು ಹೋಗುತ್ತಿದ್ದರು. ಮೇಷ್ಟ್ರು ಮಾತ್ರ ತಿಂಗಳುಗಟ್ಟಲೆ ಊರಲ್ಲೇ ಬಿಡಾರ.

ಕುಳ್ಳ ಆಳು. ಮೈಯಲ್ಲಿ ಮಾಂಸಕ್ಕಿಂತ ಜುಬ್ಬವೇ ಜಾಸ್ತಿ. ಜುಬ್ಬದ ಎದೆಯ ಮೇಲೆ ನಶ್ಯದ ಕಲೆ. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಬಾರಿಸಿ ಬಾರಿಸಿ, ಟೀ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾಗಲೂ ಅವರ ಎರಡು ಕಾಲೂ ಒಂದಾದ ಮೇಲೊಂದು ನೆಲವನ್ನು ಒತ್ತುತ್ತಿದ್ದವು. ಪಕ್ಕದಲ್ಲಿ ಕೂತವರು 'ಏನ್ ಸ್ವಾಮಿ, ಚಳಿ ಜ್ವರವಾ?' ಅಂತ ಕೇಳುತ್ತಿದ್ದರು.

ಅವರು ನನಗೆ ಸಿಕ್ಕಿದ್ದು ತಿಪಟೂರಿನ ಒಂದು ಮದುವೆಯಲ್ಲಿ. ನಾನು ಹಂದನಕೆರೆ ಕಡೆಯವನು, ತಿಪಟೂರಿನ ಕಾಲೇಜಿನಲ್ಲಿ ಓದುತ್ತಿದ್ದೆ. ಹಾಸ್ಟೆಲ್ಲಿನ ಮೆಸ್ಸಿನ ಖರ್ಚಿಗೆ ಅಂತ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು, ಅಂದರೆ ಹಾಡುವುದನ್ನು, ಕರೆದವರ ಬಾಗಿಲಿಗೆಲ್ಲ ಹೊತ್ತುಕೊಂಡು ಹೋಗುತ್ತಿದ್ದೆ. ಟೆಂಟ್ ಸಿನಿಮಾದವರ ಜಟಕಾದಲ್ಲಿ ಕೂತು ಮೈಕಿನಲ್ಲಿ 'ಇಂದೇ ಕೊನೆಯ ದಿನ' ಅಂತ ಕೂಗುವುದು, ನಡುನಡುವೆ ಒಂದು ಚರಣ ಹಾಡುವುದು. ಗಣೇಶನ ಪೆಂಡಾಲಿನಲ್ಲಿ ಹಾಡುವುದು. ಎಲೆಕ್ಷನ್ ಬಂದರೆ ಜೀಪಿನಲ್ಲಿ ಕೂತು, ಬೆಳಿಗ್ಗೆ ಒಂದು ಗುರುತಿಗೆ, ಸಂಜೆ ಇನ್ನೊಂದು ಗುರುತಿಗೆ ಹಾಡಿದ್ದೂ ಉಂಟು. ಜಟಕಾ ಕಾಲೇಜಿನ ಮುಂದೆ ಹಾದು ಹೋಗುವಾಗ ನಾನು ತಲೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದೆ. ಆದರೆ ದನಿಗೆ ಟವೆಲ್ ಸುತ್ತಲು ಬರುವುದಿಲ್ಲವಲ್ಲ! ಮಾರನೇ ದಿನ ಕ್ಲಾಸಿಗೆ ಹೋದರೆ ಹಿಂದಿನ ಬೆಂಚಿನಿಂದ 'ಇಂದೇ ಕೊನೆಯ ದಿನ' ಅಂತ ಯಾರಾದರೂ ಎಳೆಯುತ್ತಿದ್ದರು.

ಆ ಮದುವೆಯಲ್ಲಿ ಹೆಣ್ಣಿನ ಕಡೆಯವರು ನನ್ನ ಕ್ಲಾಸಿನ ಹುಡುಗಿಯೊಬ್ಬಳ ನೆಂಟರು. ಅದು ನನಗೆ ಮೈಕು ಹಿಡಿದ ಮೇಲೆ ಗೊತ್ತಾಯಿತು. ಹೇಗೋ ಹಾಡಿ ಮುಗಿಸಿ ಊಟಕ್ಕೆ ಅಂತ ಎಲೆಯ ಮುಂದೆ ಕೂತೆ. ಬಡಿಸುವವರ ಯಜಮಾನ ಬಂದು, 'ಏಯ್, ವಾದ್ಯದೋರೆಲ್ಲ ಕೊನೇ ಪಂಕ್ತಿ ಕಣ್ರಯ್ಯಾ, ಎದ್ದೇಳು' ಅಂದ. ಎದುರು ಸಾಲಿನಲ್ಲಿ ಆ ಹುಡುಗಿ ಕೂತಿದ್ದಳು. ಎದ್ದೆ. ಕೊನೆಯ ಪಂಕ್ತಿಯಲ್ಲಿ ಓಲಗದವರ ಜೊತೆ ಕೂತು ಒಬ್ಬಟ್ಟಿನ ಮುಂದೆ ತಲೆ ಬಗ್ಗಿಸಿದೆ. ಪಕ್ಕದ ಎಲೆಯಿಂದ ಒಂದು ಒಡಕು ದನಿ ಬಂತು.

'ಅಳ್ತಿದೀಯೇನ್ಲಾ? ಒಬ್ಬಟ್ಟು ಮುಂದಿಕ್ಕಂಡು ಅಳೋನ್ನ ಇದೇ ಮೊದಲ್ನೇ ಸಲ ನೋಡ್ತಿರೋದು ನಾನು.' ಹಾಗಂದವರು ನನ್ನ ಎಲೆಯಿಂದಲೇ ಒಂದು ಒಬ್ಬಟ್ಟು ಎತ್ತಿಕೊಂಡು, ಬಡಿಸುವವನನ್ನು ಕೂಗಿದರು. 'ಅಯ್ಯಾ, ಇನ್ನೆರಡು ಹಾಕು ಇಲ್ಲಿ. ಹಾಡೋರು ಕಣಯ್ಯಾ ನಾವು, ಉಸ್ರು ಬ್ಯಾಡ್ವಾ?'

ಊಟ ಮುಗಿದು ಕೈ ತೊಳೆಯುವಾಗ ಹೇಳಿದರು: 'ಕೇಳ್ದೆ ನಿನ್ ಹಾಡ. ಗಂಟ್ಲು ಐತೆ. ಆದ್ರೆ ನಾಚ್ಕೆ ಜಾಸ್ತಿ ಐತೆ. ನಾಚ್ಕೇನ ಚಪ್ಲಿ ಜೊತೆ ಹೊರ್ಗಡೆ ಬುಟ್ಟು ಬರ್ಬೇಕು ಕಣ್ಲಾ ಅಟ್ಟದ್ ಮ್ಯಾಲೆ.' ಅಟ್ಟ ಅಂದರೆ ನಾಟಕದ ರಂಗಸ್ಥಳ. ಆವತ್ತಿನಿಂದ ನಾನು ಅವರ ಬಾಯಲ್ಲಿ 'ಕಾಲೇಜು' ಆದೆ. ನನ್ನ ಹೆಸರು ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ರಜೆ ಸಿಕ್ಕಾಗಲೆಲ್ಲ ಅವರ ಜೊತೆ ತಿರುಗಿದ್ದರಲ್ಲಿ ನನ್ನ ಮಾನ ಎಲ್ಲೆಲ್ಲಿ ಹೋಯಿತು ಅಂತ ಲೆಕ್ಕ ಇಟ್ಟಿಲ್ಲ. ಬಸ್ಸಿನಲ್ಲಿ ಒಂದು ಸಲ ಕಂಡಕ್ಟರು, 'ಪೆಟ್ಟಿಗೆ ಮೇಲಕ್ ಹಾಕ್ಸಿ, ಲಗೇಜು' ಅಂದ. ಮೇಷ್ಟ್ರು ಹಾರ್ಮೋನಿಯಮ್ಮಿಗೆ ಒಂದು ಪೂರ್ತಿ ಟಿಕೆಟ್ ತೆಗೆಸಿ, ಅದನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿ, ತಾವು ಕಂಬಿ ಹಿಡಿದು ನಿಂತರು. ಬಸ್ಸು ತುಂಬಿ ತುಳುಕುತ್ತಿತ್ತು. ಕಂಕುಳಲ್ಲಿ ಕೂಸು ಇದ್ದ ಹೆಂಗಸು, 'ಪೆಟ್ಟಿಗೆ ಎತ್ತಯ್ಯಾ, ಕೂತ್ಕತೀನಿ' ಅಂದರೆ, 'ಅದೂ ಟಿಕೆಟ್ ತಗಂಡೈತೆ ಕಣವ್ವ. ಅದುನ್ನೇ ಕೇಳು, ಎದ್ರೆ ಕೂತ್ಕೋ' ಅಂದರು. ಇಡೀ ಬಸ್ಸು ನಗತೊಡಗಿತು. ನಗು ಮುಗಿದ ಮೇಲೆ ಪೆಟ್ಟಿಗೆಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಆ ಹೆಂಗಸನ್ನು ಕೂರಿಸಿದರು ಅನ್ನಿ. ಆದರೆ ಅಷ್ಟರಲ್ಲಿ ನನ್ನ ಕಿವಿಯೆಲ್ಲ ಕೆಂಪಾಗಿತ್ತು.

ಊಟ ನಾಟಕದ ಪಾರ್ಟು ಹಿಡಿದವರ ಮನೆಯಲ್ಲಿ, ದಿನಕ್ಕೊಂದು ಮನೆ. ಮೇಷ್ಟ್ರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪಾರ್ಟಿನ ಹೆಸರೇ ಹೆಸರು. ಗದ್ದೆಯ ಬದುವಿನಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವನನ್ನು 'ಮಂತ್ರಿಗಳೇ, ಇವತ್ತು ನಿಮ್ಮನೇಲಿ ಏನ್ ಸಾರು?' ಅಂತ ಕೂಗಿ ಕೇಳುವರು. ಎಲೆ ಮುಂದೆ ಕೂತರೆ, 'ತಾಯಿ, ಈ ಹುಡುಗಂಗೆ ಇನ್ನೊಂದು ಮುದ್ದೆ ಇಕ್ಕು. ಕೇಳಕ್ಕೆ ನಾಚ್ಕತಾನೆ, ಹಸ್ಕಂಡಿರ್ತಾನೆ' ಅನ್ನುವರು. ನಿಜವಾಗಿ ಹಸಿದೇ ಇರುತ್ತಿದ್ದೆ, ಅದೇ ಇನ್ನೂ ಅವಮಾನ.

ಕಲಿಸುವುದರಲ್ಲಿ ಅವರು ಮಹಾ ಪಂಡಿತರೇನೂ ಅಲ್ಲ. ರಾಗದ ಹೆಸರು ಕೇಳಿದರೆ, 'ಹೆಸ್ರು ಕಟ್ಕಂಡು ಏನ್ ಮಾಡ್ತೀಯ, ಮಟ್ಟು ಹಿಡಿ' ಅಂತ ಜಾರಿಕೊಳ್ಳುತ್ತಿದ್ದರು. ಸುಳ್ಳೂ ಹೇಳುತ್ತಿದ್ದರು. ಮಹಾರಾಜರ ಮುಂದೆ ಬಾರಿಸಿದ್ದೇನೆ ಅನ್ನುತ್ತಿದ್ದರು. ಯಾವ ಮಹಾರಾಜರು ಅಂದರೆ ನಶ್ಯ ಏರಿಸಿ ಸೀನುತ್ತಿದ್ದರು. ಆದರೆ ದನಿ ಬಾರದವನನ್ನು ಅವರು ಎಂದೂ ಬೈದದ್ದನ್ನು ನಾನು ಕೇಳಿಲ್ಲ. ಪಾರ್ಟುಗಳನ್ನು ದುಡ್ಡು ಕಟ್ಟಿ ಹಿಡಿಯುತ್ತಿದ್ದ ಕಾಲ ಅದು. ರಾಜಾಪಾರ್ಟು ಹಾಡುವವನಿಗೆ ಹೋಗುತ್ತಿರಲಿಲ್ಲ, ಹೆಚ್ಚು ಕಟ್ಟಿದವನಿಗೆ ಹೋಗುತ್ತಿತ್ತು. ಅಂಥವನನ್ನು ಹಾಡಿಸುವ ಕರ್ಮ ಮೇಷ್ಟ್ರದು. ಮೊದಲೆಲ್ಲ ತಾವೇ ಹಾರ್ಮೋನಿಯಂ ಹಿಂದೆ ಕೂತು ದನಿ ಕೂಡಿಸಿ, ಅವನ ಬೇಸುರನ್ನು ಮುಚ್ಚುತ್ತಿದ್ದರಂತೆ. ಆದರೆ ನಶ್ಯವೋ ವಯಸ್ಸೋ, ಅವರ ಗಂಟಲು ಒಡೆದುಹೋಗಿತ್ತು. ನಾನು ಜೊತೆಯಾದದ್ದರ ಹಿಂದಿನ ವರ್ಷ ಒಂದೂರಲ್ಲಿ ನಡುಹಾಡಿನಲ್ಲಿ ದನಿ ಕೈಕೊಟ್ಟು ಜನ ಶಿಳ್ಳೆ ಹಾಕಿದ್ದರಂತೆ. ಆ ವರ್ಷ ಅವರನ್ನು ಕರೆದದ್ದು ಕಿಬ್ಬನಹಳ್ಳಿ ಹತ್ತಿರದ ಒಂದೇ ಒಂದು ಊರು. ಇದೂ ಕೆಟ್ಟರೆ ಮುಂದೆ ಯಾವ ಊರೂ ಕರೆಯುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಊರಿನ ರಾಜಾಪಾರ್ಟು ಹಿಡಿದವರು ಒಬ್ಬ ಗೌಡರು. ದೊಡ್ಡ ತೆಂಗಿನ ತೋಟ, ದೊಡ್ಡ ಮೀಸೆ, ಆರಡಿ ಆಳು. ಮಾತು ಎತ್ತಿದರೆ ಸಿಂಹ. ಹಾಡು ಎತ್ತಿದರೆ ಮಾತ್ರ ಕರು ಕಳೆದುಕೊಂಡ ಎಮ್ಮೆ. ತಾಲೀಮು ಅವರ ಮನೆಯಲ್ಲೇ, ಕೊಬ್ಬರಿಗೆ ಅಂತ ಕಾಯಿ ಹಾಕಿದ್ದ ಅಟ್ಟದ ಕೆಳಗೆ. ಗೌಡರು ಪದ್ಯಕ್ಕೆ ಬಾಯಿ ತೆಗೆದರೆ ಹುಡುಗರು ಕಂಬದ ಹಿಂದೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮೇಷ್ಟ್ರು ಮೇಲೆ ನೋಡಿ ಹೇಳಿದರು: 'ನಿಮ್ ಗಂಟ್ಲು ಅಟ್ಟದ್ ಮ್ಯಾಲಿನ ಕಾಯಿ ಕಣ್ರೀ ಗೌಡ್ರೇ. ಒಳಗಿನ ನೀರು ಇನ್ನೂ ಇಂಗಿಲ್ಲ. ಈ ವರ್ಷ ಅಲ್ಲಾಡ್ಸೋದು ಬ್ಯಾಡ.' ಆಮೇಲೆ ನನ್ನ ಕಡೆ ತಿರುಗಿದರು. 'ಪರದೆ ಹಿಂದೆ ಕಾಲೇಜು ನಿಂತ್ಕತಾನೆ. ನೀವು ಬಾಯಿ ಆಡ್ಸಿ. ದನಿ ಅವ್ನು ಕೊಡ್ತಾನೆ.'

ಗೌಡರು ಎದ್ದು ಹೊರಗೆ ಹೋದರು. ಒಪ್ಪಲಿಲ್ಲ ಅಂದುಕೊಂಡೆವು. ಮಾರನೇ ದಿನ ನಾನು ಪಂಪುಸೆಟ್ಟಿನ ಹತ್ತಿರ ಮುಖ ತೊಳೆಯುತ್ತಿದ್ದಾಗ ಬಂದರು. ನನ್ನನ್ನು ನೋಡದೆ, ನೀರನ್ನು ನೋಡುತ್ತಾ ಹೇಳಿದರು. 'ಮಗಳ ಮದುವೆ ಆಗಿ ಮೊದಲ್ನೇ ವರ್ಷ. ತುರುವೇಕೆರೆ ಕಡೆಯಿಂದ ಬೀಗರು ಬತ್ತಾರೆ, ಅಳಿಯನೂ ಬತ್ತಾನೆ. ಹೊರಗೆ ಎಲ್ಲೂ ಬಾಯಿ ಬುಡಬ್ಯಾಡ ಕಣಪ್ಪ.' ಅಷ್ಟು ದೊಡ್ಡ ಮನುಷ್ಯ ನನ್ನಂಥ ಹುಡುಗನ ಮುಂದೆ ಹಾಗೆ ನಿಂತದ್ದನ್ನು ನೋಡಿ ನನಗೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನಾಟಕದ ದಿನದವರೆಗೂ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ.

ನಾಟಕದ ದಿನ ಬೀಗರು ಗೌಡರ ಮನೆಯ ಜಗಲಿಯ ಮೇಲೆ ಕೂತೇ ನೋಡಲಿ ಅಂತ, ಊರಿನವರು ಅಟ್ಟವನ್ನು ಆ ಜಗಲಿಗೆ ಮುಖ ಮಾಡಿ ಕಟ್ಟಿದರು. ಅಂದರೆ ಅಟ್ಟದ ಬೆನ್ನು ಮೂಡಲಿಗೆ ಬಂತು. ಹಿಂದೆ ಬರೀ ಬಯಲು. ಅದನ್ನು ಆಗ ಯಾರೂ ಯೋಚನೆ ಮಾಡಲಿಲ್ಲ. ರಾತ್ರಿಯೆಲ್ಲ ಎಲ್ಲ ಸರಿಯಾಗಿಯೇ ನಡೆಯಿತು. ನಾನು ಪರದೆಯ ಹಿಂದೆ ನಿಂತು ಹಾಡಿದೆ, ಗೌಡರು ಮುಂದೆ ನಿಂತು ಬಾಯಿ ಆಡಿಸಿದರು. ಬೀಗರು ತಲೆದೂಗಿದರಂತೆ. ಆದರೆ ನಮ್ಮ ಕಡೆಯ ನಾಟಕ ಗೊತ್ತಲ್ಲ, ಪ್ರತಿ ಸೀನಿಗೂ ನೆಂಟರು ಅಟ್ಟ ಹತ್ತಿ ಹಾರ ಹಾಕುವುದು, ಉಂಗುರ ತೊಡಿಸುವುದು, ಅದನ್ನೆಲ್ಲ ಮೈಕಿನಲ್ಲಿ ಕೂಗುವುದು. ಗೌಡರಿಗೆ ಬಿದ್ದ ಹಾರಗಳ ದೆಸೆಯಿಂದ ಕೊನೆಯ ಸೀನಿಗೆ ಬರುವಷ್ಟರಲ್ಲಿ ಬೆಳಗಾಗಿಹೋಯಿತು. ಲೈಟು ಆರಿಸಿದರು.

ಕೊನೆಯ ಸೀನಿನಲ್ಲಿ ರಾಜ್ಯ ಕಳೆದುಕೊಂಡ ರಾಜ ಆಕಾಶ ನೋಡಿ ಹಾಡಬೇಕು. ಅದಕ್ಕೆ ಆಕಾಶದ ಪರದೆ ಇಳಿಬಿಟ್ಟರು, ತೆಳ್ಳನೆಯ ನೀಲಿ ಬಟ್ಟೆ. ನಾನು ಕಿವಿಯ ಮೇಲೊಂದು ಕೈಯಿಟ್ಟು, ಇನ್ನೊಂದು ಕೈ ಎತ್ತಿ, ಕಣ್ಣು ಮುಚ್ಚಿ ದನಿ ತೆಗೆದೆ. ನನ್ನ ಬೆನ್ನಿಗೆ ಬಿಸಿಲು ಬಿದ್ದದ್ದು ಹಿತವಾಗಿಯೇ ಇತ್ತು.

ಮುಂದೆ ಕೂತಿದ್ದ ಯಾವುದೋ ಮಗು ಕೂಗಿತು. 'ಅಲ್ನೋಡವ್ವಾ, ರಾಜನ ಹಿಂದೆ ಇನ್ನೊಬ್ಬ ಅವ್ನೆ! ಅವ್ನೇ ಹಾಡ್ತಾವ್ನೆ!'

ಕಣ್ಣು ಬಿಟ್ಟೆ. ನನ್ನ ನೆರಳು ನನ್ನಷ್ಟೇ ದೊಡ್ಡದಾಗಿ, ಬಾಯಿ ತೆರೆದು, ಕೈಯೆತ್ತಿ, ಆಕಾಶದ ನಟ್ಟನಡುವೆ ನಿಂತಿತ್ತು. ಮೊದಲು ಮಕ್ಕಳು ನಕ್ಕರು, ಆಮೇಲೆ ಹೆಂಗಸರು, ಆಮೇಲೆ ಇಡೀ ಊರು. ಹಾಡು ಅಲ್ಲೇ ತುಂಡಾಯಿತು. ಪರದೆಯ ಆ ಕಡೆ ಗೌಡರು ತೋಳು ಚಾಚಿಕೊಂಡು ನಿಂತಹಾಗೇ ನಿಂತಿದ್ದರು.

ಹಾರ್ಮೋನಿಯಂ ನಿಂತಿತು. ಮೇಷ್ಟ್ರು ಓಡಿ ಬಂದದ್ದು ಕಂಡಿತು. ನನ್ನನ್ನು ಕಾಪಾಡಲು ಬಂದರು ಅಂದುಕೊಂಡೆ ನೋಡಿ, ಎಂಥ ಪೆದ್ದ! ಬಂದವರೇ ಕಪಾಳಕ್ಕೆ ಬಿಟ್ಟರು. ಮೈಕಿಲ್ಲದಿದ್ದರೂ ಜಗಲಿಗೆ ಕೇಳುವ ಹಾಗೆ ಕೂಗಿದರು: 'ಯಾವನ್ಲಾ ನೀನು? ನಾಟ್ಕ ನೋಡಕ್ಕೆ ಬಂದೋನು ನೋಡ್ಕಂಡು ಹೋಗ್ಬೇಕು! ರಾಜರು ಹಾಡೋವಾಗ ಹಿಂದ್ಗಡೆ ನಿಂತು ಜತೆಗ್ ಹಾಡ್ತೀಯ? ಹುಚ್ಚು ಹಿಡ್ದೈತಾ? ಓಡ್ಲಾ ಇಲ್ಲಿಂದ!' ಹೊಡೆದದ್ದೂ ನೆರಳಾಗಿ ಪರದೆಯ ಮೇಲೆ ಬಿದ್ದಿರಬೇಕು, ಯಾಕೆಂದರೆ ಆ ಕಡೆ ಜೋರಾಗಿ ಚಪ್ಪಾಳೆ ಬಿತ್ತು. ಮೇಷ್ಟ್ರು ನನ್ನ ಕುತ್ತಿಗೆ ಹಿಡಿದು ಕೆಳಕ್ಕೆ ಅದುಮಿ, ಕಿವಿಯಲ್ಲಿ ಹೇಳಿದರು. 'ಮಕಾಡೆ ಮಲ್ಕಂಡು ಹಾಡ್ಲಾ. ನೆಳ್ಳು ಬೀಳಾಕಿಲ್ಲ. ನನ್ ಮಾನ ಉಳ್ಸಪ್ಪ.'

ಹೋದರು. ಹಾರ್ಮೋನಿಯಂ ಮತ್ತೆ ಶುರುವಾಯಿತು.

ಎದ್ದು ಹೋಗಬಹುದಿತ್ತು. ಬಯಲು ದಾಟಿದರೆ ರಸ್ತೆ, ರಸ್ತೆಗೆ ಬಂದರೆ ತಿಪಟೂರಿನ ಬಸ್ಸು. ಕೆನ್ನೆ ಉರಿಯುತ್ತಿತ್ತು, ಕಣ್ಣಿನಲ್ಲಿ ನೀರು, ಬಾಯಲ್ಲಿ ಮಣ್ಣು. ಹಾರ್ಮೋನಿಯಂ ಶ್ರುತಿ ಹಿಡಿದು ಕಾಯುತ್ತಿತ್ತು. ಆಗ ನನ್ನ ಕಿವಿಗೆ ಬಿತ್ತು, ಮೇಷ್ಟ್ರು ಶ್ರುತಿಯನ್ನು ಒಂದು ಮನೆ, ಅಂದರೆ ಒಂದು ಸ್ವರದಷ್ಟು, ಕೆಳಕ್ಕೆ ಇಳಿಸಿದ್ದರು. ತಿಂಗಳುಗಟ್ಟಲೆ ತಾಲೀಮಿನಲ್ಲಿ ಒಂದು ದಿನವೂ ಇಳಿಸದಿದ್ದವರು. ಅಳುವ ಗಂಟಲು ಆ ಎತ್ತರಕ್ಕೆ ಏರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಹಾಡಿದೆ. ಹೊಡೆಸಿಕೊಂಡು, ನೆಲಕ್ಕೆ ಕವುಚಿ ಬಿದ್ದುಕೊಂಡು, ಇನ್ನೊಬ್ಬನ ಬಾಯಿಗೆ ಹಾಡಿದೆ. ಪೂರ್ತಿ ಹಾಡಿದೆ. ಆ ಏಟಿನ ಅವಮಾನ ವರ್ಷ ಕಳೆದಂತೆ ಮಾಸಿತು. ಏಟು ತಿಂದ ಮೇಲೂ ಹಾಡಿದೆನಲ್ಲ, ಅದರ ನಾಚಿಕೆ ಇವತ್ತಿಗೂ ಹೋಗಿಲ್ಲ.

ನಾಟಕ ಮುಗಿಯಿತು. ನಮ್ಮ ಕಡೆಯ ಜನರ ದೊಡ್ಡತನವೋ ಏನೋ, ಊರಿನವರು ಒಬ್ಬರೂ ನೆರಳಿನ ಮಾತೆತ್ತಲಿಲ್ಲ. ಬೀಗರ ಮುಂದೆ ಊರಿನ ಮಾನ ಅಂತ ಎಲ್ಲರೂ ನುಂಗಿಕೊಂಡರು. 'ಯಾವನೋ ಹುಚ್ಚ ನುಗ್ಗಿದ್ದ' ಅಂತ ಮಾತು ಮುಗಿಸಿದರು. ನಾನು ಹಿತ್ತಲ ಕಡೆಯಿಂದ ರಸ್ತೆಗೆ ನಡೆದೆ.

ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ತಪ್ಪಾಯಿತು ಅನ್ನಲಿಲ್ಲ. ಟೀಯನ್ನು ಸಾಸರಿಗೆ ಬಗ್ಗಿಸಿ, ಆರಿಸಿ, ನನ್ನ ಕಡೆ ತಳ್ಳಿದರು. ನಶ್ಯ ಏರಿಸಿ ಕೇಳಿದರು:

'ಶ್ರುತಿ ಇಳ್ಸಿದ್ದು ತಿಳೀತೇನ್ಲಾ?'

'ತಿಳೀತು.'

'ಅಷ್ಟೇ ಕಣ್ಲಾ ನನ್ ಕೈಲಾಗಿದ್ದು.'

ಟೀ ಕುಡಿದೆ. ಬೈಯಬೇಕು ಅಂತ ನಾಲಿಗೆಯ ತುದಿಗೆ ಬಂದದ್ದು ಟೀಯ ಜೊತೆ ಒಳಗೆ ಹೋಯಿತು. ನಾನು ಓದು ಮುಗಿಸಿ ಗುಮಾಸ್ತನಾದೆ. ಮೇಷ್ಟ್ರು ಆಮೇಲೂ ಬಹಳ ಊರುಗಳಲ್ಲಿ ನಾಟಕ ಕಲಿಸಿದರು. ಯಾವಾಗಲಾದರೂ ನಮ್ಮ ಆಫೀಸಿಗೆ ಬಂದರೆ ಬಾಗಿಲಿನಿಂದಲೇ 'ಲೇ ಕಾಲೇಜು!' ಅಂತ ಕೂಗಿ, 'ಈ ನಿಮ್ ಗುಮಾಸ್ತ ಎಂಥ ಗಂಟ್ಲು ಅಂತೀರಿ! ರಾಜರ ಗಂಟ್ಲು!' ಅಂತ ಸಾಹೇಬರಿಗೇ ಹೇಳುತ್ತಿದ್ದರು. ಸಾಹೇಬರು 'ಎಲ್ಲಿ, ಒಂದು ಹಾಡ್ರಿ' ಅಂದರೆ ನಾನು ಫೈಲಿನಲ್ಲಿ ಮುಖ ಹುಗಿಸುತ್ತಿದ್ದೆ. ಆ ಬೆಳಗಿನ ನಂತರ ಜನರ ಮುಖ ನೋಡಿಕೊಂಡು ಹಾಡಲು ನನಗೆ ಆಗಿಯೇ ಇಲ್ಲ. ಹೆಂಡತಿ ನನ್ನ ಹಾಡು ಕೇಳಿರುವುದು ಬಚ್ಚಲುಮನೆಯ ಬಾಗಿಲಿನ ಆಚೆಯಿಂದ.

ಅವರು ತೀರಿಕೊಂಡ ಸುದ್ದಿ ಬಂದು ಹಾಲ್ಕುರಿಕೆ ಕಡೆಯ ಅವರ ಊರಿಗೆ ಹೋದೆ. ಮೇಷ್ಟ್ರನ್ನು ಜಗಲಿಯ ಮೇಲೆ ಕೂರಿಸಿದ್ದರು. ಅಂಗಳದ ತುಂಬ ಮುದುಕರು. ಒಬ್ಬರಿಗೊಬ್ಬರ ಗುರುತಿಲ್ಲ, 'ನಾನು ಆ ಊರಿನ ಮಂತ್ರಿ', 'ನಾನು ಈ ಊರಿನ ಸೇನಾಪತಿ' ಅಂತ ಹೇಳಿಕೊಂಡು ಅಳುತ್ತಿದ್ದರು. ಗೌಡರೂ ಬಂದಿದ್ದರು. ಬೆನ್ನು ಬಾಗಿತ್ತು, ಮೀಸೆ ಬೆಳ್ಳಗಾಗಿತ್ತು. ಅವರ ತೋಳು ಹಿಡಿದುಕೊಂಡು ನಿಂತಿದ್ದವನು ಅಳಿಯ, ಅವನ ತಲೆಯೂ ನೆರೆತಿತ್ತು.

ಯಾರೋ ಅಂದರು, ಮೇಷ್ಟ್ರನ್ನ ಎತ್ತೋ ಮುಂಚೆ ಒಂದು ಪದ ಆಗಲಿ ಅಂತ. ಆ ಅಳಿಯ ಹೆಮ್ಮೆಯಿಂದ ಮುಂದೆ ಬಂದ. 'ನಮ್ ಮಾವ ಹಾಡ್ತಾರೆ. ರಾಜಾಪಾರ್ಟು ಮಾಡಿದ್ರಲ್ಲ, ಆವತ್ತು ಎಂಗ್ ಹಾಡಿದ್ರು ಅಂತೀರಿ! ನಾನು ಜಗಲಿ ಮ್ಯಾಲೇ ಕೂತಿದ್ದೆ.'

ಗೌಡರು ನನ್ನ ಕಡೆ ನೋಡಿದರು. ಪಂಪುಸೆಟ್ಟಿನ ಹತ್ತಿರ ನೋಡದಿದ್ದವರು ಈಗ ನೇರವಾಗಿ ನನ್ನ ಮುಖವನ್ನೇ ನೋಡಿದರು. 'ನೀನ್ ಹಾಡಪ್ಪ' ಅಂದರು. 'ಇವತ್ತಾದ್ರೂ ಮುಂದ್ಗಡೆ ಕೂತ್ಕಂಡು ಹಾಡು.'

ಮೇಷ್ಟ್ರ ಮುಂದೆ ಕೂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆಗೆದೆ. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ತೆಗೆದೆ. ಬರಲಿಲ್ಲ.

ಗೌಡರು ಕೋಲನ್ನು ಅಳಿಯನ ಕೈಗೆ ಕೊಟ್ಟು, ನಿಧಾನವಾಗಿ ನನ್ನ ಪಕ್ಕದಲ್ಲಿ ಕೂತು, 'ಮೇಷ್ಟ್ರೇ, ತಪ್ಪು ತಿಳ್ಕಬ್ಯಾಡಿ' ಅಂದು ಕೈ ಮುಗಿದರು. ಆವತ್ತಿನ ಕೊನೆಯ ಸೀನಿನ ಪದವನ್ನೇ ಹಿಡಿದರು. ಅದೇ ಎಮ್ಮೆಯ ದನಿ. ಶ್ರುತಿ ಎಲ್ಲೋ, ಮಟ್ಟು ಎಲ್ಲೋ. ಅಳಿಯನ ಮುಖ ಮೊದಲು ಪೆಚ್ಚಾಯಿತು, ಆಮೇಲೆ ಅವನಿಗೆ ಎಲ್ಲ ತಿಳಿಯಿತು, ತಲೆ ತಗ್ಗಿಸಿದ. ಗೌಡರು ನಿಲ್ಲಿಸಲಿಲ್ಲ. ಒಬ್ಬರೂ ನಗಲಿಲ್ಲ. ಎರಡನೇ ಚರಣಕ್ಕೆ ಮಂತ್ರಿಗಳು, ಸೇನಾಪತಿಗಳು ಒಬ್ಬೊಬ್ಬರಾಗಿ ದನಿ ಕೂಡಿಸಿದರು, ಒಬ್ಬನದೊಂದು ಕಡೆ, ಇನ್ನೊಬ್ಬನದೊಂದು ಕಡೆ. ಅಂಗಳವೆಲ್ಲ ಬೇಸುರಾಗಿ ಹಾಡಿತು. ಹಾಡು ಬಲ್ಲ ನಾನೊಬ್ಬನೇ ಸುಮ್ಮನೆ ಕೂತಿದ್ದೆ.